ನಂಬಿಕೆಯನ್ನು ಬೆಳೆಸುವುದು ಬಡತನವೋ, ನಾಳೆಯ ಚಿಂತೆಯೋ?

ಬಡವರಿಗೆ ದೇವರ ಮೇಲೆ ಭಕ್ತಿ ಹೆಚ್ಚು, ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದರೆ ಅದು ಸಡಿಲವಾಗುತ್ತದೆ ಎಂಬುದು ರೂಢಿಯ ಮಾತು. ಲೆಕ್ಕ ಹಾಕಿ ನೋಡಿದಾಗ ಇದು ಅರ್ಧ ಮಾತ್ರ ನಿಜ. ಇವತ್ತಿನ ಆದಾಯಕ್ಕಿಂತ ನಾಳೆಯ ಅಭದ್ರತೆಗೇ ನಂಬಿಕೆಯೊಂದಿಗೆ ಹತ್ತಿರದ ನಂಟು.

1844ರಲ್ಲಿ ಕಾರ್ಲ್ ಮಾರ್ಕ್ಸ್ ಧರ್ಮವನ್ನು ಜನರ ಅಫೀಮು ಎಂದ. ಅದಕ್ಕೆ ಮುಂಚಿನ ಸಾಲಿನಲ್ಲೇ ಅದನ್ನು ದಮನಿತರ ನಿಟ್ಟುಸಿರು ಎಂದೂ ಕರೆದಿದ್ದ. ಉದ್ಧರಿಸುವವರು ಸಾಮಾನ್ಯವಾಗಿ ಅದನ್ನು ಬಿಟ್ಟುಬಿಡುತ್ತಾರೆ. ಆ ಕಾಲದಲ್ಲಿ ಅಫೀಮು ನೋವಿನ ಮದ್ದೂ ಆಗಿತ್ತು. ಅವನ ಲೆಕ್ಕದಲ್ಲಿ ನೋವು ಮೊದಲು, ನಂಬಿಕೆ ಆಮೇಲೆ. 1904–05ರಲ್ಲಿ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಈ ವಾದವನ್ನು ತಿರುವಿಹಾಕಿದ: ಕ್ಯಾಥೊಲಿಕ್ ಚರ್ಚಿನಿಂದ ಬೇರೆಯಾದ ಪ್ರಾಟೆಸ್ಟೆಂಟ್ ಕ್ರೈಸ್ತರ ಶಿಸ್ತು ದುಡಿಮೆಯನ್ನೂ ಉಳಿತಾಯವನ್ನೂ ಧರ್ಮಕಾರ್ಯವಾಗಿಸಿ ಬಂಡವಾಳಶಾಹಿ ಮನೋಭಾವಕ್ಕೆ ನೆಲ ಹದಗೊಳಿಸಿತು.

ಇದಕ್ಕೆ ಆಧಾರವಾಗಿ ವೇಬರ್ ಅಡಿಟಿಪ್ಪಣಿಯಲ್ಲಿ ಕೊಟ್ಟ ಒಂದು ಕೋಷ್ಟಕ ನೋಡುವಂಥದ್ದು. ಜರ್ಮನಿಯ ಬಾಡೆನ್‌ನ ಶಾಲಾ ಮಕ್ಕಳ ಶೇಕಡಾವಾರು ಪಟ್ಟಿ ಅದು. 'ರಿಯಾಲ್‌ಗಿಮ್ನಾಸಿಯಂ' ಎಂಬ ಒಂದು ಬಗೆಯ ಪ್ರೌಢಶಾಲೆಗಳ ಸಾಲಿನಲ್ಲಿ ಪ್ರಾಟೆಸ್ಟೆಂಟರು 69, ಕ್ಯಾಥೊಲಿಕರು 31, ಯಹೂದಿಗಳು 9. ಕೂಡಿಸಿದರೆ 109! 69 ಇರುವಲ್ಲಿ 59 ಇರಬೇಕಿತ್ತು. ಆಗ ಮೊತ್ತ 99, ದಶಾಂಶ ಬಿಟ್ಟ ಲೆಕ್ಕದಲ್ಲಿ ಅಷ್ಟು ವ್ಯತ್ಯಾಸ ಸಹಜ. ಇದಕ್ಕಿಂತ ದೊಡ್ಡ ತಪ್ಪು ಹೋಲಿಕೆಯದು. ಇಡೀ ಬಾಡೆನ್‌ನಲ್ಲಿ ಪ್ರಾಟೆಸ್ಟೆಂಟರು ಶೇ. 37 ಇದ್ದರು ನಿಜ, ಆದರೆ ಇಂಥ ಶಾಲೆಗಳು ಹೆಚ್ಚಾಗಿ ಇದ್ದದ್ದು ಅವರೇ ಜಾಸ್ತಿ ಇದ್ದ ಊರುಗಳಲ್ಲಿ. ಶಾಲೆಯ ಅಂಕಿಯನ್ನು ಆಯಾ ಊರಿನ ಜನಸಂಖ್ಯೆಯ ಪಕ್ಕದಲ್ಲಿಡಬೇಕಿತ್ತು.

ಅರ್ಥಶಾಸ್ತ್ರಜ್ಞರಾದ ಸಾಶಾ ಬೆಕರ್ ಮತ್ತು ಲುಡ್ಗರ್ ವೋಸ್‌ಮನ್ 2009ರಲ್ಲಿ, ಆಗ ಜರ್ಮನಿಯ ಅತಿ ದೊಡ್ಡ ರಾಜ್ಯವಾಗಿದ್ದ ಪ್ರಷ್ಯಾದ 1871ರ ಜನಗಣತಿಯನ್ನು ಕೈಗೆತ್ತಿಕೊಂಡರು. 450ಕ್ಕೂ ಹೆಚ್ಚು ಜಿಲ್ಲೆಗಳು. ಪ್ರಾಟೆಸ್ಟೆಂಟ್ ಜಿಲ್ಲೆಗಳ ಆರ್ಥಿಕ ಸ್ಥಿತಿ ಚೆನ್ನಾಗಿತ್ತು. ಆದರೆ ಸಾಕ್ಷರತೆಯನ್ನು ಲೆಕ್ಕಕ್ಕೆ ಸೇರಿಸಿದ ಮೇಲೆ ಆ ಅಂತರದ ಬಹುಪಾಲು ಉಳಿಯಲಿಲ್ಲ. ಪ್ರತಿಯೊಬ್ಬರೂ ಬೈಬಲ್ ತಾವೇ ಓದಬೇಕೆಂದು ಪ್ರಾಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಲೂಥರ್ ಹಟ ಹಿಡಿದಿದ್ದ. ಕಲಿತ ಅಕ್ಷರ ವ್ಯಾಪಾರಕ್ಕೂ ಬಂತು.

ಅಭದ್ರತೆಯ ವಾದಕ್ಕೆ ಗಟ್ಟಿ ರೂಪ ಬಂದದ್ದು 2004ರಲ್ಲಿ, ರಾಜ್ಯಶಾಸ್ತ್ರಜ್ಞರಾದ ಪಿಪ್ಪಾ ನಾರಿಸ್ ಮತ್ತು ರೊನಾಲ್ಡ್ ಇಂಗಲ್‌ಹಾರ್ಟ್ ಅವರಿಂದ. ಕಾಯಿಲೆ, ನಿರುದ್ಯೋಗ, ಮುಪ್ಪಿನ ಭಯ ಕಡಿಮೆಯಾದ ಸಮಾಜಗಳಲ್ಲಿ ಧರ್ಮದ ಹಿಡಿತವೂ ಕಡಿಮೆಯಾಗುತ್ತದೆ ಎಂದರು. ಶ್ರೀಮಂತ ಅಮೆರಿಕದಲ್ಲಿ ಭಕ್ತಿ ಗಟ್ಟಿಯಾಗಿದ್ದುದಕ್ಕೂ ಇದರಲ್ಲಿ ಉತ್ತರವಿದೆ: ಅಲ್ಲಿ ಸರಾಸರಿ ಆದಾಯ ದೊಡ್ಡದು, ಕೆಲಸ ಹೋದವನಿಗೆ ಸಿಗುವ ಆಸರೆ ಚಿಕ್ಕದು. ಅದೇ ದೇಶದಲ್ಲಿ 1930ರ ದಶಕದ ಆರ್ಥಿಕ ಕುಸಿತದಲ್ಲಿ ಸರ್ಕಾರದ 'ನ್ಯೂ ಡೀಲ್' ಪರಿಹಾರ ಬಂದಾಗ ಚರ್ಚುಗಳು ದಾನಕ್ಕೆ ಮಾಡುತ್ತಿದ್ದ ಖರ್ಚು ಸುಮಾರು ಶೇ. 30ರಷ್ಟು ಇಳಿಯಿತು ಎಂದು ಅರ್ಥಶಾಸ್ತ್ರಜ್ಞರಾದ ಗ್ರೂಬರ್ ಮತ್ತು ಹಂಗರ್‌ಮನ್ 2007ರಲ್ಲಿ ತೋರಿಸಿದರು. ಚರ್ಚು ಹೊತ್ತಿದ್ದ ಭಾರದ ಒಂದು ಪಾಲನ್ನು ಸರ್ಕಾರ ಹೊತ್ತಿತು.

ಕಾರಣ-ಪರಿಣಾಮದ ಎಳೆ ಸ್ಪಷ್ಟವಾಗಿ ಸಿಕ್ಕಿದ್ದು ಇಂಡೋನೇಷ್ಯಾದಲ್ಲಿ. 1997ರ ನಡುವಿನಲ್ಲಿ ಡಾಲರಿಗೆ ಸುಮಾರು 2,400 ಇದ್ದ ಅಲ್ಲಿನ ನಾಣ್ಯ ರುಪಿಯಾ, ಏಷ್ಯಾದ ಹಣಕಾಸು ಬಿಕ್ಕಟ್ಟಿನಲ್ಲಿ ಕುಸಿದು 1998ರಲ್ಲಿ ಒಂದು ಹಂತದಲ್ಲಿ 15,000 ದಾಟಿತು. ಅಕ್ಕಿಯ ಬೆಲೆ ಏರಿದ್ದರಿಂದ ಗದ್ದೆ ಇದ್ದವರು ಸಾವರಿಸಿಕೊಂಡರು. ನಿಗದಿತ ಸಂಬಳದ ಸರ್ಕಾರಿ ನೌಕರರು ಮುಗ್ಗರಿಸಿದರು. ಎಲ್ಲರಿಗೂ ಒಂದೇ ಬಿಕ್ಕಟ್ಟು, ಏಟು ಮಾತ್ರ ಬೇರೆ ಬೇರೆ. ಈ ವ್ಯತ್ಯಾಸವನ್ನೇ ಹಿಡಿದು ಅರ್ಥಶಾಸ್ತ್ರಜ್ಞ ಡೇನಿಯಲ್ ಚೆನ್ ಅಳೆದಾಗ, ಹೆಚ್ಚು ಏಟು ತಿಂದ ಕುಟುಂಬಗಳು ಕುರಾನ್ ಅಧ್ಯಯನ ಕೂಟಗಳಿಗೆ ಹೆಚ್ಚು ಹೋಗತೊಡಗಿದ್ದು ಕಂಡಿತು. ಸಾಲ ಸಿಗುತ್ತಿದ್ದ ಕಡೆ ಈ ಪರಿಣಾಮ ಕುಗ್ಗಿತ್ತು. ಕೂಟದವರು ಕಷ್ಟಕಾಲದಲ್ಲಿ ಒಬ್ಬರಿಗೊಬ್ಬರು ಆಗುತ್ತಾರೆ, ಒಂದು ಬಗೆಯ ವಿಮೆಯ ಹಾಗೆ.

ಇಂಥ ಅಧ್ಯಯನಗಳು ಎಡವುವುದು ಅಳತೆಯಲ್ಲಿ. ವಾರವಾರ ಚರ್ಚಿಗೆ ಹೋಗುತ್ತೇವೆ ಎಂದು ಅಮೆರಿಕದಲ್ಲಿ ಸಮೀಕ್ಷೆಗೆ ಹೇಳಿದವರು ಶೇ. 40ರಷ್ಟು, 1993ರಲ್ಲಿ ತಲೆ ಎಣಿಸಿ ನೋಡಿದವರಿಗೆ ಸಿಕ್ಕಿದ್ದು ಅದರ ಸುಮಾರು ಅರ್ಧ. ಹಾಜರಿ ಬೇರೆ, ಒಳಗಿನ ನಂಬಿಕೆ ಬೇರೆ. ಭೂಕಂಪವಾದ ಪ್ರದೇಶಗಳನ್ನು ಅಭ್ಯಸಿಸಿದ ಅರ್ಥಶಾಸ್ತ್ರಜ್ಞೆ ಜಾನೆಟ್ ಬೆಂಟ್ಸೆನ್‌ಗೆ ಕಂಡದ್ದು ಮುಖ್ಯವಾಗಿ ಎರಡನೆಯದರ ಏರಿಕೆ. ಪ್ರಾರ್ಥನಾ ಮಂದಿರದ ಹಾಜರಿ ಅಷ್ಟಾಗಿ ಏರಿರಲಿಲ್ಲ.