ಕಡಲು ಕೂಡಿಟ್ಟ ಬಿಸಿಲು: ಸ್ಪೇನಿನ ಕರಾವಳಿಯಲ್ಲಿ ಶರತ್ಕಾಲದ ಕಾರು ಪಯಣ

ಅಕ್ಟೋಬರ್ ನಡುವಿನಲ್ಲಿ ಮ್ಯಾಡ್ರಿಡ್‌ನ ಜನ ಬೆಳಗಿನ ಚಳಿಗೆ ಸ್ವೆಟರ್ ತೆಗೆದಿಟ್ಟುಕೊಳ್ಳುವ ಹೊತ್ತಿಗೆ, ಅಲ್ಲಿಂದ ಸುಮಾರು 350 ಕಿ.ಮೀ. ದೂರದ ವಲೆನ್ಸಿಯಾದ ಕಡಲತೀರದಲ್ಲಿ ಮಕ್ಕಳು ಇನ್ನೂ ನೀರಿಗಿಳಿದು ಆಡುತ್ತಿರುತ್ತಾರೆ. ಹಗಲು ಕುಗ್ಗಿದೆ, ಬಿಸಿಲು ಓರೆಯಾಗಿದೆ, ಆದರೂ ನೀರು ಬೆಚ್ಚಗಿದೆ. ಮೆಡಿಟರೇನಿಯನ್ ಕರಾವಳಿಯುದ್ದಕ್ಕೂ ಕಾರಿನಲ್ಲಿ ಹೋಗಬೇಕೆಂದು ಯೋಚಿಸುವವರು ಮೊದಲು ಅರಿಯಬೇಕಾದ ಸಂಗತಿ ಇದೇ: ಅಲ್ಲಿನ ಶರತ್ಕಾಲವನ್ನು ಆಳುವುದು ಆ ಹೊತ್ತಿನ ಸೂರ್ಯನಲ್ಲ, ಬೇಸಿಗೆಯ ಶಾಖವನ್ನು ಒಡಲಲ್ಲಿಟ್ಟುಕೊಂಡ ಕಡಲು. ಪಯಣದ ಸುಖ ಬರುವುದು ಅದರಿಂದಲೇ. ಅಪಾಯ ಬರುವುದೂ ಅದರಿಂದಲೇ.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖದಿಂದ ಮೂರು ಸಾವಿರ ಲೀಟರಿಗೂ ಹೆಚ್ಚು ಗಾಳಿಯನ್ನು ಅಷ್ಟೇ ಬಿಸಿ ಮಾಡಬಹುದು. ಆದ್ದರಿಂದ ಕಡಲು ಕಾಯುವುದೂ ನಿಧಾನ, ಆರುವುದೂ ನಿಧಾನ. ಜೂನ್ 21ರ ಸುಮಾರಿಗೆ ಬಿಸಿಲು ಪರಾಕಾಷ್ಠೆ ಮುಟ್ಟಿದರೂ ಮೆಡಿಟರೇನಿಯನ್ನಿನ ಮೇಲ್ಮೈ ಅತ್ಯಂತ ಬೆಚ್ಚಗಾಗುವುದು ಆಗಸ್ಟ್‌ನಲ್ಲಿ. ಅಕ್ಟೋಬರ್‌ನಲ್ಲೂ ವಲೆನ್ಸಿಯಾದ ಎದುರಿನ ನೀರು ಸುಮಾರು 22 ಡಿಗ್ರಿ ಸೆಲ್ಸಿಯಸ್‌ನಷ್ಟಿರುತ್ತದೆ. ದಕ್ಷಿಣ ಕರಾವಳಿಯ ಮಾಲಗಾದ ಬಳಿ ಮಾತ್ರ ನೀರು ಎರಡು ಮೂರು ಡಿಗ್ರಿ ತಣ್ಣಗಿರುತ್ತದೆ. ನದಿಗಳೂ ಮಳೆಯೂ ತುಂಬಿಕೊಡುವುದಕ್ಕಿಂತ ಹೆಚ್ಚು ನೀರು ಮೆಡಿಟರೇನಿಯನ್ನಿನಿಂದ ಆವಿಯಾಗುವುದರಿಂದ, ಆ ಕೊರತೆಯನ್ನು ತುಂಬಲು ಅಟ್ಲಾಂಟಿಕ್‌ನ ತಂಪು ನೀರು ಸುಮಾರು 14 ಕಿ.ಮೀ. ಅಗಲದ ಜಿಬ್ರಾಲ್ಟರ್ ಜಲಸಂಧಿಯ ಮೂಲಕ ಎಡೆಬಿಡದೆ ಒಳಹರಿಯುತ್ತದೆ, ಮತ್ತು ಮಾಲಗಾದ ತೀರ ಆ ಹರಿವಿನ ಹಾದಿಗೆ ತೀರ ಹತ್ತಿರದಲ್ಲಿದೆ.

ಈ ಕಾರಣಕ್ಕೇ, ದಿನ ಕಳೆದಂತೆ ಇನ್ನಷ್ಟು ಬೆಚ್ಚನೆಯ ನೀರು ಸಿಗುವಂತೆ, ಮಾಲಗಾದಲ್ಲಿ ಆರಂಭಿಸಿ ಅಲ್ಮೆರಿಯಾ, ಅಲಿಕಾಂತೆ ದಾಟಿ ವಲೆನ್ಸಿಯಾದಲ್ಲಿ ಮುಗಿಸುವ ಸುಮಾರು 650 ಕಿ.ಮೀ.ಗಳ ದಾರಿಯನ್ನು ನಾನು ಮೆಚ್ಚುತ್ತೇನೆ. ಸ್ಪೇನಿನಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುತ್ತವೆ. ಈ ದಿಕ್ಕಿನಲ್ಲಿ ಹೊರಟರೆ ಕಡಲು ಸದಾ ನಮ್ಮ ಬಲಕ್ಕೇ ಇರುತ್ತದೆ, ನಿಂತು ನೋಡಬೇಕೆನಿಸಿದಲ್ಲಿ ಎದುರಿನ ವಾಹನಗಳನ್ನು ಅಡ್ಡ ದಾಟಬೇಕಾಗಿಲ್ಲ. ಎಡಬದಿಯ ಚಾಲನೆಗೆ ಒಗ್ಗಿದ ನಮ್ಮವರಿಗೆ ಇದು ಸಣ್ಣ ಅನುಕೂಲವಲ್ಲ. ಸೂರ್ಯನ ಲೆಕ್ಕವೂ ಹೊಂದುತ್ತದೆ. ಸ್ಪೇನಿನ ಬಹುಭಾಗ ಗ್ರೀನಿಚ್ ರೇಖೆಯ ಪಶ್ಚಿಮಕ್ಕಿದ್ದರೂ ಅಲ್ಲಿನ ಗಡಿಯಾರಗಳು 1940ರಿಂದ ಮಧ್ಯ ಯುರೋಪಿನ ಸಮಯವನ್ನು ಅನುಸರಿಸುತ್ತಿವೆ. ಹಾಗಾಗಿ ಅಕ್ಟೋಬರ್ ನಡುವಿನಲ್ಲಿ ಮಾಲಗಾದಲ್ಲಿ ಸೂರ್ಯ ಹುಟ್ಟುವುದು ಬೆಳಗಿನ 8.20ರ ಸುಮಾರಿಗೆ. ಹತ್ತೂವರೆಗೆ ಪೂರ್ವಕ್ಕೆ ಹೊರಟರೆ ಬಿಸಿಲು ಕಣ್ಣಿನ ಮಟ್ಟದಿಂದ ಮೇಲೇರಿರುತ್ತದೆ, ಇಳಿಹೊತ್ತಿನಲ್ಲಿ ಬೆನ್ನ ಹಿಂದಿರುತ್ತದೆ. ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಸರಿಯುತ್ತದೆ. ಅದರ ಮಾರನೆಯ ಸಂಜೆ ಆರೂವರೆಗೇ ಕತ್ತಲಾಗತೊಡಗುವುದರಿಂದ ತಂಗುದಾಣಗಳ ನಡುವಿನ ದೂರವನ್ನು ಕಡಿಮೆ ಇಟ್ಟುಕೊಳ್ಳುವುದು ಲೇಸು.

ಮಾಲಗಾದಿಂದ ಪೂರ್ವಕ್ಕೆ ಮೊತ್ರಿಲ್‌ವರೆಗಿನ ಪಟ್ಟಿಯಲ್ಲಿ ಅವಸರ ಮಾಡಬಾರದು. ಉತ್ತರದಲ್ಲಿ 3,479 ಮೀಟರ್ ಎತ್ತರದ ಮುಲಾಸೆನ್ ಶಿಖರವನ್ನು ಹೊತ್ತ ಸಿಯೆರ್ರಾ ನೆವಾಡಾ ಶ್ರೇಣಿ ಚಳಿಗಾಳಿಯನ್ನು ತಡೆಯುತ್ತದೆ, ದಕ್ಷಿಣದಲ್ಲಿ ಕಡಲು ಚಳಿಗಾಲದುದ್ದಕ್ಕೂ ಶಾಖ ಬಿಟ್ಟುಕೊಡುತ್ತದೆ. ಇವೆರಡರ ನಡುವೆ, 36 ಡಿಗ್ರಿ ದಾಟಿದ ಉತ್ತರ ಅಕ್ಷಾಂಶದಲ್ಲಿ, ಮಾವು ಬೆಳೆಯುತ್ತದೆ. ನಮ್ಮಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ ಮುಗಿಯುವ ಮಾವಿನ ಸುಗ್ಗಿ ಅಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಡೆಯುತ್ತದೆ. ಅದರ ಬೆನ್ನಿಗೇ ಬರುವ ಚಿರಿಮೋಯಾ ನಮ್ಮ ಸೀತಾಫಲದ ಹತ್ತಿರದ ಬಂಧು: ಅದೇ ಬಿಳಿ ತಿರುಳು, ಅದೇ ಕಪ್ಪು ಬೀಜ, ಸಿಪ್ಪೆ ಮಾತ್ರ ಕಣ್ಣುಗಣ್ಣಾಗಿ ಉಬ್ಬದೆ ಬೆರಳೊತ್ತಿದ ಗುರುತುಗಳಂತೆ ತಗ್ಗಾಗಿರುತ್ತದೆ. ಈ ಗಿಡದ ಹೂವು ಮೊದಲು ಹೆಣ್ಣಾಗಿ ಅರಳಿ, ಆಮೇಲೆ ಗಂಡಾಗಿ ಪರಾಗ ಬಿಡುತ್ತದೆ. ತನ್ನ ಪರಾಗ ಉದುರುವ ಹೊತ್ತಿಗೆ ಅದರ ಶಲಾಕಾಗ್ರ, ಎಂದರೆ ಪರಾಗ ಹಿಡಿಯುವ ಹೆಣ್ಣುಭಾಗದ ತುದಿ, ಸ್ವೀಕರಿಸುವ ಸ್ಥಿತಿಯನ್ನು ಕಳೆದುಕೊಂಡಿರುತ್ತದೆ. ಪರಾಗ ಸಾಗಿಸುವ ದುಂಬಿಗಳು ಅದರ ತವರಾದ ದಕ್ಷಿಣ ಅಮೆರಿಕದಲ್ಲೇ ಉಳಿದಿವೆ. ಹಾಗಾಗಿ ಇಲ್ಲಿನ ರೈತರು ಬೇಸಿಗೆಯಲ್ಲಿ ಹೂವಿನಿಂದ ಹೂವಿಗೆ ಕೈಯಾರೆ ಪರಾಗ ಮುಟ್ಟಿಸುತ್ತಾರೆ. ಶರತ್ಕಾಲದಲ್ಲಿ ದಾರಿಬದಿಯ ಅಂಗಡಿಯಲ್ಲಿ ಗುಂಡಗೆ, ತುಂಬಿಕೊಂಡು ಕಾಣುವ ಹಣ್ಣಿನ ಹಿಂದೆ ಬಹುಮಟ್ಟಿಗೆ ಒಬ್ಬರ ಬೆರಳಿನ ಶ್ರಮವಿದೆ.

ಇನ್ನೂ ಪೂರ್ವಕ್ಕೆ ಹೋದಂತೆ ಹಸಿರು ಸವೆಯುತ್ತದೆ. ಅಟ್ಲಾಂಟಿಕ್‌ನಿಂದ ಬರುವ ಮೋಡಗಳು ಪಶ್ಚಿಮದ ಬೆಟ್ಟಗಳಲ್ಲೇ ಬರಿದಾಗಿ, ಗ್ರಸಲೇಮಾದಲ್ಲಿ ವರ್ಷಕ್ಕೆ ಸುಮಾರು 2,000 ಮಿ.ಮೀ. ಸುರಿದರೆ, ಅಲ್ಮೆರಿಯಾದ ಕಾಬೊ ದೆ ಗಾತಾ ಭೂಶಿರದಲ್ಲಿ ಬೀಳುವುದು 200 ಮಿ.ಮೀ.ಗೂ ಕಡಿಮೆ. ನಮ್ಮ ಚಳ್ಳಕೆರೆಯಲ್ಲಿ ಬೀಳುವ ಮಳೆಯ ಅರ್ಧವೂ ಅಲ್ಲಿ ಬೀಳುವುದಿಲ್ಲ. ಜ್ವಾಲಾಮುಖಿಯ ಕಪ್ಪು ಬಂಡೆಗಳು, ಉಪ್ಪಿನಾಗರದಲ್ಲಿ ನಿಂತ ರಾಜಹಂಸಗಳು, ಜನವಿಲ್ಲದ ಕಡಲತೀರ: ಒಂದು ಇಡೀ ದಿನ ಕೊಡಬೇಕಾದ ಜಾಗ.

ಇಷ್ಟು ಒಣಗಿದ ನಾಡಿನಲ್ಲಿ ಮಳೆಗೆ ಹೆದರಬೇಕು ಎಂದರೆ ವಿಚಿತ್ರವೆನಿಸಬಹುದು, ಆದರೆ ಶರತ್ಕಾಲದ ಯೋಜನೆಯಲ್ಲಿ ಅತ್ಯಂತ ಗಂಭೀರವಾದ ಭಾಗ ಅದೇ. ಎತ್ತರದ ವಾಯುಪ್ರವಾಹದಿಂದ ತುಂಡಾದ ತಣ್ಣನೆಯ ಗಾಳಿಯ ಮಡುವೊಂದು ಕೆಲವೊಮ್ಮೆ ಸ್ಪೇನಿನ ಮೇಲೆ ಬಂದು ನಿಲ್ಲುತ್ತದೆ. ಜನ ಅದನ್ನು ‘ಗೋತಾ ಫ್ರಿಯಾ’, ಎಂದರೆ ‘ತಣ್ಣನೆಯ ಹನಿ’ ಎನ್ನುತ್ತಾರೆ. ಹವಾಮಾನ ತಜ್ಞರು ‘ದಾನಾ’ ಎನ್ನುತ್ತಾರೆ. ಮೇಲೆ ತಣ್ಣನೆಯ ಗಾಳಿ, ಕೆಳಗೆ ಬೇಸಿಗೆಯಿಡೀ ಕಾದ ಕಡಲು. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಆ ತೇವದ ಗಾಳಿ ಪೂರ್ವದಿಂದ ಬೀಸಿ, ತೀರಕ್ಕೆ ಹತ್ತಿರದಲ್ಲೇ ಎದ್ದಿರುವ ಬೆಟ್ಟಗಳಿಗೆ ತಾಗಿ ಮೇಲೇರಿದಾಗ, ಒಂದೇ ಜಾಗದ ಮೇಲೆ ಗುಡುಗುಮೋಡಗಳು ಮತ್ತೆ ಮತ್ತೆ ಹುಟ್ಟುತ್ತವೆ. 2024ರ ಅಕ್ಟೋಬರ್ 29ರಂದು ವಲೆನ್ಸಿಯಾ ಪ್ರಾಂತ್ಯದ ತುರಿಸ್ ಎಂಬಲ್ಲಿ ಒಂದೇ ದಿನದಲ್ಲಿ 770 ಮಿ.ಮೀ.ಗೂ ಹೆಚ್ಚು ಮಳೆ ಬಿತ್ತು. ಅದರಲ್ಲಿ 184 ಮಿ.ಮೀ. ಸುರಿದದ್ದು ಒಂದೇ ಗಂಟೆಯಲ್ಲಿ. ಆ ಪ್ರಾಂತ್ಯದಲ್ಲಿ 220ಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು.

ಆ ದಿನ ಅತಿ ಹೆಚ್ಚು ನಲುಗಿದ ಪೈಪೋರ್ತಾದಂಥ ಊರುಗಳಲ್ಲಿ ಮಳೆ ಹೆಚ್ಚೇನೂ ಬಿದ್ದಿರಲಿಲ್ಲ. ನೀರು ಬಂದದ್ದು ಮೇಲಿನ ಬೆಟ್ಟಗಳಿಂದ, ರಾಂಬ್ಲಾದ ದಾರಿಯಲ್ಲಿ. ರಾಂಬ್ಲಾ ಎಂದರೆ ವರ್ಷದ ಬಹುಪಾಲು ಒಣಗಿರುವ ಹಳ್ಳ. ಮರಳು ಎಂಬರ್ಥದ ಅರಬ್ಬಿ ಪದದಿಂದ ಬಂದ ಹೆಸರು. ಕರಾವಳಿಯುದ್ದಕ್ಕೂ ರಸ್ತೆ ಇಂಥ ನೂರಾರು ಹಳ್ಳಗಳನ್ನು ದಾಟುತ್ತದೆ. ಹತ್ತಿರ ನಿಂತು ನೋಡಿದರೆ ಜಲ್ಲಿ, ಬೊಂಬಿನಂಥ ಹುಲ್ಲು, ಚಕ್ರದ ಗುರುತು. ಸಮತಟ್ಟಾದ ಆ ನೆಲ ಕಾರು ನಿಲ್ಲಿಸಲು ಹೇಳಿ ಮಾಡಿಸಿದಂತೆ ಕಾಣುತ್ತದೆ. ಪುಯೆರ್ತೊ ಲುಂಬ್ರೇರಾಸ್ ಎಂಬ ಊರಿನಲ್ಲಿ ವಾರದ ಸಂತೆಯೇ ಹಳ್ಳದ ಪಾತ್ರದಲ್ಲಿ ಕೂಡುತ್ತಿತ್ತು. 1973ರ ಅಕ್ಟೋಬರ್ 19ರ ಸಂತೆಯ ದಿನ ನೀರು ನುಗ್ಗಿ 80ಕ್ಕೂ ಹೆಚ್ಚು ಜನ ಕೊಚ್ಚಿಹೋದರು. ಹರಿಯುವ ನೀರು ಮೊಣಕಾಲ ಮಟ್ಟಕ್ಕೂ ಬರುವ ಮೊದಲೇ ಸಣ್ಣ ಕಾರನ್ನು ತೇಲಿಸಿಬಿಡಬಲ್ಲದು.

ಹೀಗಾಗಿ ಪರವಾನಗಿ, ಬಾಡಿಗೆ ಕಾರು, ಹೋಟೆಲ್‌ಗಳ ಜೊತೆಗೆ ಯೋಜನೆಯಲ್ಲಿ ಎರಡು ಖಾಲಿ ದಿನಗಳಿರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಭಾರತದ ಪರವಾನಗಿಯೊಂದಿಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಒಯ್ಯುವುದನ್ನು ಯಾರೂ ಮರೆಯುವುದಿಲ್ಲ. ದಿನವೂ ಬೆಳಿಗ್ಗೆ ಸ್ಪೇನಿನ ಹವಾಮಾನ ಸಂಸ್ಥೆಯ ನಕ್ಷೆ ನೋಡುವುದನ್ನು ಮರೆಯುತ್ತಾರೆ. ಹಳದಿ ಎಂದರೆ ಎಚ್ಚರ, ಕಿತ್ತಳೆ ಎಂದರೆ ಆ ದಿನದ ದಾರಿಯನ್ನು ಬದಲಿಸುವುದು, ಕೆಂಪು ಎಂದರೆ ಕಾರನ್ನು ಎತ್ತರದ ಜಾಗದಲ್ಲಿ ಬಿಟ್ಟು ಮೇಲಿನ ಮಹಡಿಯಲ್ಲಿ ಉಳಿಯುವುದು. 2024ರ ಆ ದಿನ ಕೆಂಪು ಸೂಚನೆ ಬೆಳಿಗ್ಗೆಯೇ ಬಂದಿತ್ತು. ಮೊಬೈಲುಗಳಿಗೆ ಎಚ್ಚರಿಕೆಯ ಸಂದೇಶ ತಲುಪಿದ್ದು ರಾತ್ರಿ 8.11ಕ್ಕೆ. ನಕ್ಷೆಯನ್ನು ನಾವಾಗಿಯೇ ನೋಡಿಕೊಳ್ಳಬೇಕು ಎನ್ನುವುದಕ್ಕೆ ಈ ಅಂತರವೇ ಸಾಕು.

ಪಯಣದ ಕೊನೆಯ ಸಂಜೆಯನ್ನು ವಲೆನ್ಸಿಯಾದ ತುರಿಯಾ ಉದ್ಯಾನಕ್ಕೆ ಮೀಸಲಿಡಬೇಕು. 1957ರ ಅಕ್ಟೋಬರ್ 14ರ ಪ್ರವಾಹದ ನಂತರ ತುರಿಯಾ ನದಿಯನ್ನೇ ನಗರದ ದಕ್ಷಿಣಕ್ಕೆ ಹೊಸ ಕಾಲುವೆಗೆ ತಿರುಗಿಸಿ, ಹಳೆಯ ಪಾತ್ರವನ್ನು ಕಿಲೋಮೀಟರುಗಟ್ಟಲೆ ಉದ್ದದ ತೋಟವನ್ನಾಗಿ ಮಾಡಿದ್ದಾರೆ. ಶತಮಾನಗಳಷ್ಟು ಹಳೆಯ ಕಲ್ಲಿನ ಸೇತುವೆಗಳು ಇದ್ದಲ್ಲೇ ಇವೆ. ಅವುಗಳ ಕಮಾನಿನ ಕೆಳಗೆ, ನೀರು ಹರಿಯುತ್ತಿದ್ದ ಮಟ್ಟದಲ್ಲಿ, ಈಗ ಮಕ್ಕಳು ಸೈಕಲ್ ಹೊಡೆಯುತ್ತಾರೆ.