ಹಡಗಿಗೂ ಸೋಲಾರ್ ಹಾಕಿದರೆ ಆಗಲ್ವಾ?

ಮತ್ತೆ ಅದೇ ಪ್ರಶ್ನೆ. ‘ಹೊಗೆ ಉಗುಳೋ ಹಡಗು ಯಾಕೆ ಕಟ್ಟಬೇಕು? ಅಷ್ಟು ದೊಡ್ಡ ಡೆಕ್ ಇದೆ, ಸಮುದ್ರದಲ್ಲಿ ಬಿಸಿಲಿಗೇನು ಬರವಾ? ಸೋಲಾರ್ ಪ್ಯಾನೆಲ್ ಹಾಸಿದರೆ ಮುಗೀತಲ್ವಾ?’

ಮುಗಿಯಲ್ಲ. ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ. 2021ರಲ್ಲಿ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡಿತ್ತಲ್ಲ, ಎವರ್ ಗಿವನ್ ಅನ್ನೋ ಕಂಟೇನರ್ ಹಡಗು, ಅದನ್ನೇ ತಗೊಳ್ಳಿ. ಉದ್ದ 400 ಮೀಟರ್, ಅಗಲ ಸುಮಾರು 59. ಗುಣಿಸಿದರೆ 23,600 ಚದರ ಮೀಟರ್. ಮೂಲೆಮೂಲೆಗೂ ಪ್ಯಾನೆಲ್ ಹಾಸಿ. ಚದರ ಮೀಟರಿಗೆ 200 ವ್ಯಾಟ್ ಹಿಡಿಯಿರಿ. ಮಟಮಟ ಮಧ್ಯಾಹ್ನ ಸಿಗೋದು 4.7 ಮೆಗಾವ್ಯಾಟ್. ಎಂಜಿನ್ನಿನ ಶಕ್ತಿ? ಸುಮಾರು 59 ಮೆಗಾವ್ಯಾಟ್. ಹನ್ನೆರಡರಲ್ಲಿ ಒಂದು ಪಾಲೂ ಆಗಲಿಲ್ಲ. ರಾತ್ರಿ ಸೊನ್ನೆ. ಇಷ್ಟಕ್ಕೂ ಕಂಟೇನರುಗಳನ್ನು ಎಲ್ಲಿಡ್ತೀರಿ, ಪ್ಯಾನೆಲ್ ಮೇಲಾ?

‘ಕೇರಳದಲ್ಲಿ ಓಡ್ತಿದೆಯಲ್ಲ’ ಅಂತೀರಿ, ಗೊತ್ತು. ವೈಕಂನಲ್ಲಿ 2017ರಲ್ಲಿ ಶುರುವಾದ ‘ಆದಿತ್ಯ’. ಅದು 75 ಜನರ ದೋಣಿ, ಹಿನ್ನೀರಿನ ಸಣ್ಣ ದಾರಿ, ನಿಧಾನದ ಓಟ. ಕಡಿಮೆ ಶಕ್ತಿಯಲ್ಲಿ ಓಡಲಿ ಅಂತಲೇ ಅದರ ನಕ್ಷೆ ಬರೆದಿದ್ದಾರೆ. ಕಟ್ಟಿದ ಹಡಗಿನ ನೆತ್ತಿಗೆ ಪ್ಯಾನೆಲ್ ಅಂಟಿಸಿದ್ದಲ್ಲ.

ದೊಡ್ಡ ಹಡಗಿಗೂ ಪರಿಸರದ ವಿಚಾರ ಬರಬೇಕಾದ್ದು ನಕ್ಷೆಯಲ್ಲೇ. ಒಂದು ಟನ್ ಸರಕು ಒಂದು ಮೈಲಿ ಸಾಗಲು ಎಷ್ಟು ಇಂಗಾಲದ ಡೈಆಕ್ಸೈಡ್ ಅಂತ 2013ರಿಂದ ಬಹುತೇಕ ಹೊಸ ಹಡಗುಗಳು ಲೆಕ್ಕ ಕೊಡಬೇಕು. ಮೊದಲು ಗೊತ್ತು ಮಾಡೋದು ವೇಗ. ವೇಗ ಶೇ. 10 ಇಳಿಸಿದರೆ ಬೇಕಾದ ಶಕ್ತಿ ಹತ್ತಿರಹತ್ತಿರ ಶೇ. 27 ಇಳಿಯುತ್ತೆ.

ಆ ವೇಗಕ್ಕೆ ತಕ್ಕಂತೆ ಮೂತಿ. ಪಣಂಬೂರಿನ ಕಡಲತೀರದಿಂದ ಖಾಲಿ ಹಡಗು ಕಂಡರೆ ಅದರ ಮುಂತುದಿ ನೋಡಿ, ನೀರಿನ ಮಟ್ಟದಲ್ಲಿ ಗೆಡ್ಡೆಯಂಥದ್ದು ಇಣುಕುತ್ತಿರುತ್ತೆ. ಹಡಗು ಎಬ್ಬಿಸೋ ಅಲೆಯನ್ನು ತಗ್ಗಿಸೋದು ಅದರ ಕೆಲಸ. ಆದರೆ ಒಂದು ವೇಗಕ್ಕೆ ಮಾಡಿದ್ದು ಇನ್ನೊಂದಕ್ಕೆ ಒಗ್ಗಲ್ಲ. ಎಣ್ಣೆ ಉಳಿಸಲು ನಿಧಾನ ಓಡಿಸಲು ಶುರು ಮಾಡಿದ ಮೇಲೆ ಎಷ್ಟೋ ಹಡಗುಗಳ ಮೂತಿ ಕತ್ತರಿಸಿ ಬೇರೆ ಕೂರಿಸಿದರು!

ಅಂದಹಾಗೆ, ಹಡಗಿನ ತಳ ಯಾಕೆ ಕೆಂಪು ಅಂತ ಯಾರೂ ಕೇಳಲಿಲ್ಲ. ನಾನೇ ಹೇಳ್ತೀನಿ. ಪಾಚಿ, ಚಿಪ್ಪುಹುಳು ಅಂಟದಿರಲಿ ಅಂತ ಬಳಿಯೋ ಬಣ್ಣದಲ್ಲಿರೋ ತಾಮ್ರದ ಆಕ್ಸೈಡಿನ ಕೆಂಪು ಅದು. ಮೊದಲು ತವರ ಬೆರೆತ ಬಣ್ಣವಿತ್ತು, ಭಾರೀ ಗಟ್ಟಿಗ. ಆದರೆ ಅದರ ವಿಷದಿಂದ ಕಡಲಿನ ಹೆಣ್ಣು ಬಸವನಹುಳುಗಳಿಗೆ ಗಂಡಿನ ಅಂಗ ಬೆಳೆಯತೊಡಗಿತು. 2008ರಲ್ಲಿ ಅದಕ್ಕೆ ಜಗತ್ತಿನಾದ್ಯಂತ ನಿಷೇಧ ಜಾರಿಗೆ ಬಂತು. ತಾಮ್ರ ಉಳಿದುಕೊಂಡಿದೆ. ಏನೂ ಬಳಿಯದೆ ಬಿಟ್ಟರೆ ತಳ ಒರಟಾಗಿ ಹಡಗು ಇನ್ನೂ ಜಾಸ್ತಿ ಎಣ್ಣೆ ಕುಡಿಯುತ್ತೆ.