ಈ ಲಿನಕ್ಸ್ ಕಂಟೇನರ್ ಒಳಗಿದೆಯಾ?

ಕೋಲಾರದ ಟೊಮ್ಯಾಟೊ ಮಂಡಿಗಳ ಬಿಲ್ಲಿಂಗ್ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕೆಲಸ ಕಲಿಯಲು ಬರುವ ಹುಡುಗರು ತಪ್ಪದೆ ಕೇಳುತ್ತಾರೆ: "ಸರ್, ನಾನು ಲಾಗಿನ್ ಆಗಿರೋದು ಮಷೀನಿಗಾ, ಕಂಟೇನರ್‌ಗಾ? ಸ್ಕ್ರಿಪ್ಟ್‌ಗೆ ಹೇಗೆ ಗೊತ್ತಾಗುತ್ತೆ?"

ಕಂಟೇನರ್ ಅಂದರೆ ಒಂದೇ ಮಷೀನಿನೊಳಗೆ ಪ್ರೋಗ್ರಾಂಗೆ ಪ್ರತ್ಯೇಕವಾಗಿ ಕಟ್ಟಿಕೊಟ್ಟ ಕೋಣೆಯ ಹಾಗೆ. ನಾವು ಅದರೊಳಗಿದ್ದೇವಾ ಅನ್ನೋದಕ್ಕೆ ಪಕ್ಕಾ ಉತ್ತರ ಇಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಕಂಟೇನರ್ ಅನ್ನೋದೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನೇಮ್‌ಸ್ಪೇಸ್ (ಪ್ರೊಸೆಸ್‌ಗೆ ಏನೇನು ಕಾಣಬೇಕು ಅನ್ನೋ ಗಡಿ), ಸಿಗ್ರೂಪ್ (ಎಷ್ಟು ಮೆಮೊರಿ, ಸಿಪಿಯು ಬಳಸಬಹುದು ಅನ್ನೋ ಮಿತಿ) ಅಷ್ಟೇ. ಅವನ್ನು ಜೋಡಿಸಿ ಕಂಟೇನರ್ ಮಾಡುವುದು ಡಾಕರ್, ಪಾಡ್‌ಮನ್ ಥರದ ಟೂಲ್‌ಗಳು. ನಾವು ಹುಡುಕುವುದು ಅವು ಬಿಟ್ಟುಹೋದ ಗುರುತುಗಳನ್ನು.

ಡಾಕರ್ ಆದರೆ ರೂಟ್ ಡೈರೆಕ್ಟರಿಯಲ್ಲಿ 'ಡಾಟ್ ಡಾಕರ್‌ಎನ್ವ್' ಎಂಬ ಖಾಲಿ ಫೈಲ್ ಇರುತ್ತದೆ. ಪಾಡ್‌ಮನ್ 'ರನ್' ಡೈರೆಕ್ಟರಿಯಲ್ಲಿ 'ಡಾಟ್ ಕಂಟೇನರ್‌ಎನ್ವ್' ಇಡುತ್ತದೆ. ತುಂಬಾ ಕಂಟೇನರ್‌ಗಳನ್ನು ಒಟ್ಟಿಗೆ ನಡೆಸುವ ಕುಬರ್ನೆಟೀಸ್, ಕಂಟೇನರ್‌ಡಿ ಅನ್ನೋ ಟೂಲ್ ಮೇಲೆ ಓಡುತ್ತಿದ್ದರೆ, ಅಲ್ಲಿ ಇವೆರಡೂ ಸಿಗುವುದಿಲ್ಲ.

ಇಂಟರ್ನೆಟ್‌ನಲ್ಲಿ ಜಾಸ್ತಿ ಸಿಗುವ ಉಪಾಯ ಬೇರೆ: 1ನೇ ಪ್ರೊಸೆಸ್‌ನ ಸಿಗ್ರೂಪ್ ಫೈಲ್ ತೆಗೆದು 'ಡಾಕರ್' ಅನ್ನೋ ಪದ ಇದೆಯಾ ಅಂತ ಗ್ರೆಪ್ ಕಮಾಂಡ್‌ನಿಂದ ಹುಡುಕುವುದು. ಸಿಗ್ರೂಪ್ 1ನೇ ಆವೃತ್ತಿಯಲ್ಲಿ ಇದು ಚೆನ್ನಾಗಿಯೇ ನಡೆಯುತ್ತಿತ್ತು. ಈಗ ಉಬುಂಟು 22.04 ಥರದ ಸಿಸ್ಟಮ್‌ಗಳಲ್ಲಿ ಇರುವುದು 2ನೇ ಆವೃತ್ತಿ. ಕಂಟೇನರ್‌ಗೆ ತನ್ನದೇ ಸಿಗ್ರೂಪ್ ನೇಮ್‌ಸ್ಪೇಸ್ ಸಿಗುತ್ತದೆ. ಆ ಫೈಲ್‌ನಲ್ಲಿ ಕಾಣುವುದು ಸೊನ್ನೆ, ಎರಡು ಕೋಲನ್, ಒಂದು ಸ್ಲ್ಯಾಶ್. ಎರರ್ ಕೂಡ ಬರುವುದಿಲ್ಲ. ಹಳೇ ಸ್ಕ್ರಿಪ್ಟ್ ಸುಮ್ನೆ 'ಕಂಟೇನರ್ ಅಲ್ಲ' ಅಂದುಕೊಂಡು ಮುಂದೆ ಹೋಗುತ್ತದೆ. ಇದಕ್ಕಿಂತ ಎರರ್ ಬರುವುದೇ ವಾಸಿ.

ನಾನು ಮೊದಲು ಓಡಿಸುವುದು 'ಸಿಸ್ಟಮ್‌ಡಿ ಡಿಟೆಕ್ಟ್ ವರ್ಟ್' ಕಮಾಂಡ್, ಕಂಟೇನರ್ ಆಪ್ಶನ್ ಜೊತೆಗೆ. ಡಾಕರ್, ಪಾಡ್‌ಮನ್, ಎಲ್‌ಎಕ್ಸ್‌ಸಿ ಅಂತ ಹೆಸರನ್ನೇ ಹೇಳುತ್ತದೆ. ಆದರೆ ಆಲ್ಪೈನ್ ಥರದ ಪುಟ್ಟ ಇಮೇಜ್‌ಗಳಲ್ಲಿ (ಇಮೇಜ್ ಅಂದರೆ ಕಂಟೇನರ್‌ನ ಅಚ್ಚು) ಆ ಕಮಾಂಡೇ ಇರುವುದಿಲ್ಲ. ಆಗ ಪ್ರೊಸೆಸ್‌ನ ಪಿಐಡಿ (ಪ್ರೊಸೆಸ್ ಸಂಖ್ಯೆಗಳ) ನೇಮ್‌ಸ್ಪೇಸ್ ನಂಬರ್ ನೋಡುತ್ತೇನೆ. ಕರ್ನಲ್ ತನ್ನ ಮೂಲ ನೇಮ್‌ಸ್ಪೇಸ್‌ಗೆ 4026531836 ಅಂತ ಕೊಡುತ್ತದೆ. ಬೇರೆ ನಂಬರ್ ಬಂದರೆ ನೀವು ಹೊರಗಿಲ್ಲ. ಅದೇ ನಂಬರ್ ಬಂತು ಅಂತ ಹೊರಗಿದ್ದೀರಿ ಅನ್ನಲೂ ಆಗದು. ಹೋಸ್ಟ್‌ನ, ಅಂದರೆ ಹೊರಗಿನ ಮಷೀನಿನ, ಪಿಐಡಿ ನೇಮ್‌ಸ್ಪೇಸ್ ಹಂಚಿಕೊಂಡ ಕಂಟೇನರ್‌ನಲ್ಲೂ ಅದೇ ಕಾಣುತ್ತದೆ.

ಇಷ್ಟೆಲ್ಲ ಕೇಳುವವರಿಗೆ ನನ್ನದೊಂದು ಮರುಪ್ರಶ್ನೆ ಇರುತ್ತದೆ: ಗೊತ್ತಾದರೆ ಏನು ಮಾಡ್ತೀಯ? ಹತ್ತರಲ್ಲಿ ಎಂಟು ಸಲ ಬೇಕಾಗಿರುವುದು ಮೆಮೊರಿ ಲೆಕ್ಕ. ಒಂದು ಮಂಡಿಯಲ್ಲಿ ಸೀಸನ್ ಜೋರಾದಾಗ ಹರಾಜಿನ ಹೊತ್ತಿಗೇ ಬಿಲ್ಲಿಂಗ್ ಸರ್ವಿಸ್ ಬಿದ್ದುಹೋಗುತ್ತಿತ್ತು. ಎಕ್ಸಿಟ್ ಕೋಡ್ 137, ಅಂದರೆ ಪ್ರೊಸೆಸ್ಸನ್ನು ಬಲವಂತವಾಗಿ ಕೊಂದಿದ್ದಾರೆ. ಕಂಟೇನರ್ ಒಳಗೆ 'ಫ್ರೀ' ಕಮಾಂಡ್ ತೋರಿಸುತ್ತಿದ್ದದ್ದು ಇಡೀ ಸರ್ವರ್‌ನ 16 ಜಿಬಿ. ಕಂಟೇನರ್‌ಗೆ ಕೊಟ್ಟಿದ್ದು 1 ಜಿಬಿ. ಪ್ರೋಗ್ರಾಂ 16ನ್ನು ನಂಬಿ ಕ್ಯಾಶ್ ತುಂಬಿಸುತ್ತಿತ್ತು. ಅಲ್ಲಿ ಕಂಟೇನರ್ ಹೌದಾ ಅಲ್ವಾ ಅನ್ನೋ ಪತ್ತೇದಾರಿಕೆ ಬೇಕಿರಲಿಲ್ಲ. ಮೆಮೊರಿ ಮಿತಿ ಬರೆದಿರುವ ಸಿಗ್ರೂಪ್‌ನ 'ಮೆಮೊರಿ ಡಾಟ್ ಮ್ಯಾಕ್ಸ್' ಫೈಲ್ ಓದಿದ್ದರೆ ಸಾಕಿತ್ತು.

ಇಮೇಜ್ ನೀವೇ ಕಟ್ಟುತ್ತಿದ್ದರಂತೂ ಕೆಲಸ ಸುಲಭ. ಇಮೇಜ್ ಕಟ್ಟುವ ಸೂಚನೆಗಳಿರುವ ಡಾಕರ್‌ಫೈಲ್‌ನಲ್ಲಿ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಇಟ್ಟು, ಸ್ಕ್ರಿಪ್ಟ್‌ನಲ್ಲಿ ಅದನ್ನೇ ನೋಡಿ.